ಮಾಗಿ ಮಂಜಿನಲ್ಲಿ ಸೈಕಲ್ ಸವಾರ: ಇದ್ದಾನೆ, ಆದರೆ ಕಾಣೋದಿಲ್ಲ!

ಮಂಡ್ಯದ ಬೆಳಗಿನ ಐದೂವರೆ ಗಂಟೆ ಹೇಗಿರುತ್ತೆ ಅನ್ನೋದು ಮೊದಲ ಬಸ್ಸಿಗೆ ಓಡೋರಿಗೆ ಗೊತ್ತು, ಹೋಟೆಲಿನ ಒಲೆ ಹಚ್ಚೋರಿಗೆ ಗೊತ್ತು. ಮಿಕ್ಕ ಮಹಾಶಯರೆಲ್ಲ ರಗ್ಗಿನೊಳಗೆ. ಆ ಹೊತ್ತಿಗೇ ಸೈಕಲ್ಲುಗಳು ಬೀದಿಗಿಳಿದಿರುತ್ತವೆ. ಒಂದರ ಕ್ಯಾರಿಯರ್ ಮೇಲೆ ಸಬ್ಬಸಿಗೆ, ಕೊತ್ತಂಬರಿ ಸೊಪ್ಪಿನ ಹೊರೆ. ಒಂದರ ಹ್ಯಾಂಡಲ್ಲಿಗೆ ಹಾಲಿನ ಕ್ಯಾನು. ಒಂದರ ಮೇಲೆ ಪೇಪರ್ ಹಾಕೋ ಹುಡುಗ, ಅವನ ಹಿಂದೆ ಟ್ಯೂಷನ್ನಿಗೆ ಹೊರಟ ಮಗು. ಸ್ಕೂಟರು, ಮೊಪೆಡ್ಡು ಬಂದು ಸೈಕಲ್ ಕಾಲ ಮುಗೀತು ಅಂತ ಯಾರಾದರೂ ಹೇಳಿದರೆ, ಅವರು ಎಂಟು ಗಂಟೆಗೆ ಏಳೋ ಪೈಕಿ ಅಂತ ತಿಳಿಯಿರಿ.

ಬೇಸಿಗೆಯಲ್ಲಿ ಇವರ ಚಿಂತೆ ನಮಗೆ ಬೇಕಿಲ್ಲ. ಮಾಗಿ ಬಂತೆಂದರೆ ಕಥೆಯೇ ಬೇರೆ. ನಮ್ಮದು ನಾಲೆ ಸೀಮೆ. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಗದ್ದೆ, ಕಬ್ಬಿನ ತೋಟ ಎಲ್ಲಾ ತೇವ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಆ ತೇವವೆಲ್ಲ ಬೆಳಗಿನ ಜಾವಕ್ಕೆ ಮಂಜಾಗಿ ರಸ್ತೆ ಮೇಲೆ ಕೂರುತ್ತೆ. ಗದ್ದೆ ಬಯಲಿನ ಏರಿ ಮೇಲೆ ಇಪ್ಪತ್ತು ಹೆಜ್ಜೆ ಆಚೆ ಎತ್ತು ನಿಂತಿದ್ದರೂ ತಿಳಿಯೋದಿಲ್ಲ, ಅಂಥ ದಿನಗಳುಂಟು.

ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸಿದರೆ ಚಳಿ ಹೋಯ್ತು, ಬೆಳಕು ಬಂತು ಅನ್ನೋದು ನಮ್ಮೋರ ಲೆಕ್ಕ. ಹಗಲು ಉದ್ದವಾಗೋದು ನಿಜ, ಆದರೆ ಅದು ಸಂಜೆ ಕಡೆಯಿಂದ. ಬೆಳಗಿನ ಕತ್ತಲು ಹಬ್ಬ ಆದಮೇಲೂ ಬೆಳೀತಲೇ ಇರುತ್ತೆ. ಡಿಸೆಂಬರ್ ಶುರುವಿನಲ್ಲಿ ಆರೂವರೆಗೆ ಮುಂಚೆ ಹುಟ್ಟೋ ಸೂರ್ಯ, ಜನವರಿ ಕೊನೇ ವಾರಕ್ಕೆ ಆರೂಮುಕ್ಕಾಲು ಮಾಡುತ್ತಾನೆ. ಬೀದಿ ದೀಪದ ಸ್ವಿಚ್ಚು ಕೈಯಲ್ಲಿರೋರು ಈ ಒಂದು ಸಂಗತಿ ಬರೆದಿಟ್ಟುಕೊಂಡರೆ ಸಾಕು. ವರ್ಷವಿಡೀ ಒಂದೇ ಟೈಮಿಗೆ ದೀಪ ಆರಿಸೋದು ಗಡಿಯಾರಕ್ಕೆ ಸರಿ, ಸೈಕಲ್ಲಿನವನಿಗೆ ಸರಿಯಲ್ಲ.

ಇನ್ನೊಂದು ವಿಚಿತ್ರ ನೋಡಿ. ಬೇಸಿಗೆಯಲ್ಲಿ ಬಿಳೀ ಬನಿಯನ್ನು, ಬಿಳೀ ಪಂಚೆಯಲ್ಲಿ ಹೋಗೋನು ದೂರದಿಂದಲೇ ಕಾಣುತ್ತಾನೆ. ಚಳಿ ಬಂದ ಕೂಡಲೇ ಮೈಮೇಲೆ ಕರೀ ಕಂಬಳಿ, ಕಂದು ಸ್ವೆಟರ್ರು, ತಲೆಗೆ ಮಂಕಿ ಕ್ಯಾಪು. ಕತ್ತಲು ಜಾಸ್ತಿ ಇರೋ ಕಾಲಕ್ಕೇ ಸರಿಯಾಗಿ ಮನುಷ್ಯ ಕತ್ತಲ ಬಣ್ಣಕ್ಕೆ ತಿರುಗುತ್ತಾನೆ. ಕಿವಿ ಮುಚ್ಚಿ ಟವೆಲ್ ಸುತ್ತಿದ ಮೇಲೆ ಹಿಂದೆ ಬರೋ ಗಾಡಿಯ ಸದ್ದೂ ಕೇಳಿಸೋದಿಲ್ಲ. ತುಳಿಯೋನಿಗೆ ಎದುರುಗಾಳಿ ಹೊಡೆದು ಕಣ್ಣಲ್ಲಿ ನೀರು, ಬೆರಳು ಮರಗಟ್ಟಿ ಬ್ರೇಕು ಹಿಡಿಯೋಕೆ ಒಂದು ಗಳಿಗೆ ತಡ. ಅತ್ತ ಅರವತ್ತರ ಸ್ಪೀಡಿನಲ್ಲಿ ಬರೋ ಮೋಟರ್ ಬೈಕು ಒಂದು ಸೆಕೆಂಡಿಗೆ 16 ಮೀಟರಿಗೂ ಮಿಕ್ಕಿ ಓಡುತ್ತೆ. ಇಪ್ಪತ್ತು ಹೆಜ್ಜೆ ಅಂದರೆ ಅಷ್ಟೇ ತಾನೇ?

ಬ್ರೇಕಿನ ಮಾತು ಬಂತಲ್ಲ. ಹೊರಗೆ ನಿಲ್ಲಿಸಿದ ಸೈಕಲ್ಲಿನ ಸ್ಟೀಲ್ ರಿಮ್ಮಿನ ಮೇಲೆ ರಾತ್ರಿ ಪೂರಾ ಇಬ್ಬನಿ ಬಿದ್ದಿರುತ್ತೆ. ಬೆಳಿಗ್ಗೆ ಬ್ರೇಕಿನ ರಬ್ಬರು ಜಾರುತ್ತೆ, ಹಿಡಿಯೋದಿಲ್ಲ. ಅದಕ್ಕೇ ಹಳಬರು ಹತ್ತೋ ಮುಂಚೆ ಹಳೇ ಬಟ್ಟೆಯಲ್ಲಿ ರಿಮ್ಮು ಒರೆಸಿ, ನಾಲ್ಕು ಮಾರು ತಳ್ಳಿಕೊಂಡು ಹೋಗಿ, ಬ್ರೇಕು ಹಿಡಿದು ನೋಡಿ ಆಮೇಲೆ ಹತ್ತುತ್ತಿದ್ದರು. ಚಳಿಗೆ ಟ್ಯೂಬಿನ ಗಾಳಿಯೂ ಒಂದಿಷ್ಟು ಕುಗ್ಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಟನ್ ಅನ್ನುತ್ತಿದ್ದ ಟೈರು ಬೆಳಿಗ್ಗೆ ಮೆತ್ತಗೆ ಅನ್ನಿಸಿದರೆ ವಾಲ್ ಟ್ಯೂಬನ್ನು ಬೈಯಬೇಡಿ.

ದೀಪದ್ದೇ ದೊಡ್ಡ ಗೋಳು. ಟೈರಿಗೆ ಒರಗಿ ತಿರುಗೋ ಡೈನಮೋ ಕಾಲ ನೆನಪಿದೆಯೆ? ಜೋರಾಗಿ ತುಳಿದರೆ ಬೆಳಕು, ನಿಧಾನ ಮಾಡಿದರೆ ಮಿಣುಕು, ಸರ್ಕಲ್ಲಿನಲ್ಲಿ ನಿಂತರೆ ಕತ್ತಲು. ಟೈರು ಒದ್ದೆಯಾದರೆ ಅದೂ ಜಾರೋದು. ಆದರೂ ದೀಪ ಅಂತ ಒಂದಿತ್ತು. ಪುರಸಭೆಗೆ ದುಡ್ಡು ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಸಿಕ್ಕರೆ ಪೊಲೀಸಿನವರು ಚಕ್ರದ ಗಾಳಿ ಬಿಟ್ಟು ಕಳಿಸೋರು. ಆ ಕಾಟ ಹೋಯ್ತು, ಸಂತೋಷ. ಜೊತೆಗೆ ದೀಪವೂ ಹೋಯ್ತು. ಈಗ ಕೇಳಿ ನೋಡಿ, "ಸೈಕಲ್ಗೆ ಯಾತರ ಲೈಟು ಸಾಮಿ, ದಾರಿ ನಮ್ಗೆ ಗೊತ್ತಲ್ವ" ಅಂತಾರೆ. ದಾರಿ ನಿಮಗೆ ಗೊತ್ತಣ್ಣ, ನೀವು ದಾರಿಯಲ್ಲಿರೋದು ಹಿಂದಿನವನಿಗೆ ಗೊತ್ತಾಗಬೇಡವೆ?

ಬೆಂಗಳೂರು-ಮೈಸೂರು ದಶಪಥ ರಸ್ತೆ 2023ರ ಮಾರ್ಚಿನಲ್ಲಿ ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾಯ್ತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರಾಕ್ಟರ್ ಜೊತೆ ಸೈಕಲ್ಲಿಗೂ ನಿಷೇಧ ಬಂತು. ನೂರರ ಸ್ಪೀಡಿನ ಕಾರುಗಳ ಮಧ್ಯೆ ಸೈಕಲ್ ಬೇಡ ಅನ್ನೋದು ನ್ಯಾಯವೇ. ಆದರೆ ಹಾಗೆ ಇಳಿಸಿದ್ದೆಲ್ಲಾ ಬಂದು ಸೇರಿದ್ದು ಬದಿಯ ಸರ್ವಿಸ್ ರಸ್ತೆಗೆ. ಬಸ್ಸು, ಬೈಕು, ಕಬ್ಬು ತುಂಬಿದ ಟ್ರಾಕ್ಟರು, ಡೈರಿಗೆ ಹಾಲು ಹಾಕೋಕೆ ಹೊರಟ ಸೈಕಲ್ಲು, ಎಲ್ಲಾ ಅಲ್ಲೇ. ಕಬ್ಬಿನ ಟ್ರೇಲರ್ ಹಿಂದೆ ಕೆಂಪು ದೀಪ ಇದ್ದರೂ ಇಳಿಬಿದ್ದ ಸೋಗೆಯೊಳಗೆ ಮುಚ್ಚಿಹೋಗಿರುತ್ತೆ. ಹಿಂದೆ ಎತ್ತಿನ ಗಾಡಿಯವನು ಅಚ್ಚಿನ ಕೆಳಗೆ ಲಾಂದ್ರ ತೂಗುಹಾಕುತ್ತಿದ್ದ. ಅಷ್ಟು ಬುದ್ಧಿ ಟ್ರಾಕ್ಟರಿಗೂ ಇರಬಹುದಿತ್ತು.

ಇನ್ನು ಹಳ್ಳಿ ರಸ್ತೆ. ಅಲ್ಲಿ ಈ ಕಾಲದ ಹಗೆ ಮಂಜಲ್ಲ, ಒಕ್ಕಣೆ. ರಾಗಿ, ಆಮೇಲೆ ಹುರುಳಿ, ಎರಡೂ ಟಾರು ರಸ್ತೆ ಮೇಲೇ. ಕಣ ಕೆತ್ತಿ, ಸಗಣಿ ಬಳಿದು, ಗುಂಡು ಉರುಳಿಸೋ ಕೆಲಸ ಯಾರಿಗೆ ಬೇಕು? ಬಸ್ಸು, ಲಾರಿ ಪುಕ್ಕಟೆ ತುಳಿದು ಕೊಡುತ್ತಲ್ಲ! ರೈತನಿಗೆ ಆಳು ಸಿಗೋದಿಲ್ಲ ಅನ್ನೋ ಕಷ್ಟ ನಮಗೂ ಗೊತ್ತು. ಆದರೆ ಬಸ್ಸು ದಾಟುವ ಹುಲ್ಲಿನ ಮೇಲೆ ಸೈಕಲ್ ದಾಟೋದಿಲ್ಲ ಸ್ವಾಮಿ. ಇಬ್ಬನಿಗೆ ನೆಂದ ಹುಲ್ಲು, ಕೆಳಗೆ ರಾಗಿ ಕಾಳು, ತೆಳ್ಳನೆ ಟೈರು. ಹ್ಯಾಂಡಲ್ ತಿರುಗಿಸಿದರೆ ನೆಲ. ಹುರುಳಿ ಬಳ್ಳಿ ಚೈನಿಗೆ, ಕಡ್ಡಿಗಳಿಗೆ ಸುತ್ತಿಕೊಂಡು ಚಕ್ರವೇ ಕಚ್ಚಿಕೊಳ್ಳುತ್ತೆ. ಎಲ್ಲಕ್ಕಿಂತ ಕೆಟ್ಟದ್ದು, ರಾಶಿ ಸುತ್ತ ಇಟ್ಟ ಕಲ್ಲು. ಸಂಜೆ ರಾಶಿ ಎತ್ತಿಕೊಂಡು ಹೋಗ್ತಾರೆ, ಕಲ್ಲು ಅಲ್ಲೇ ಬಿಡ್ತಾರೆ. ಬೆಳಗಿನ ಐದಕ್ಕೆ ಹಾಲಿನ ಕ್ಯಾನು ಹೊತ್ತು ಬರೋನಿಗೆ ಆ ಕಲ್ಲು ಗೊತ್ತಾಗೋದು ಮುಂದಿನ ಚಕ್ರ ಹತ್ತಿದ ಮೇಲೇ.

ರಸ್ತೆಯಲ್ಲಿ ಒಕ್ಕಣೆ ಬೇಡ ಅಂತ ಸುಗ್ಗಿ ಬಂದಾಗ ಅಧಿಕಾರಿಗಳು ಹೇಳೋದೂ, ಜನ ಕೇಳದಿರೋದೂ ನಡೆದೇ ಇದೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಟ್ಟ ಪಂಚಾಯಿತಿಗಳೂ ಉಂಟು. ಊರಿಗೊಂದು ಕಣವಾದರೂ ಇದ್ದರೆ ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡೀತು. ಅಲ್ಲೀವರೆಗೆ, ರಾಶಿ ಎತ್ತಿದವರು ಕಲ್ಲನ್ನೂ ಎತ್ತಲಿ. ಇದಕ್ಕೆ ಯಾವ ಸ್ಕೀಮೂ ಬೇಡ.

ಅಂಗಡಿಯವರಿಗೆ, ಪೇಪರ್ ಏಜೆಂಟರಿಗೆ ಒಂದು ಕೋರಿಕೆ. ನಿಮ್ಮಲ್ಲಿಗೆ ಸೈಕಲ್ಲಿನಲ್ಲಿ ಬರೋ ಹುಡುಗರ ಹಿಂದಿನ ಮಡ್ಗಾರ್ಡಿಗೆ ಒಂದು ಕೆಂಪು ರೇಡಿಯಂ ಸ್ಟಿಕ್ಕರ್ ಅಂಟಿಸಿ. ಪೆಡಲ್ಲಿಗೂ ಒಂದೊಂದು ತುಂಡು ಅಂಟಿಸಿದರೆ ಮೇಲೆ ಕೆಳಗೆ ಆಡೋದರಿಂದ ಬೇಗ ಕಣ್ಣಿಗೆ ಬೀಳುತ್ತೆ. ಎದುರಿನ ಲೈಟು ಬಿದ್ದಾಗ ಮಾತ್ರ ಹೊಳೆಯೋ ವಸ್ತು ಅದು. ಮಂಜು ದಟ್ಟವಾಗಿದ್ದರೆ ಸಾಲದು, ಬ್ಯಾಟರಿಯ ಕೆಂಪು ದೀಪವೇ ಬೇಕು. ಅದು ನಿಂತಾಗಲೂ ಉರಿಯುತ್ತೆ, ಡೈನಮೋ ಹಾಗಲ್ಲ. ಕರೀ ಸ್ವೆಟರ್ ಮೇಲೆ ಒಂದು ಹಳೇ ಬಿಳೀ ಅಂಗಿ ಹಾಕಿಕೊಂಡರೆ ಖರ್ಚೇ ಇಲ್ಲ. ನೋಡೋಕೆ ಚೆನ್ನಾಗಿರೋದಿಲ್ಲ ಅಂತ ಹುಡುಗರು ಮುಖ ಸಿಂಡರಿಸುತ್ತಾರೆ, ಹಾಕಿಸಿ ಕಳಿಸಿ.