ರಂಧ್ರದ ಅಣಬೆಗಳು: ಬೊಲೀಟಸ್ ಜಾತಿಯನ್ನು ಗುರುತಿಸುವುದು ಹೇಗೆ?

ಅಂಗಡಿಯಲ್ಲಿ ಸಿಗುವ ಬಟನ್ ಅಣಬೆಯನ್ನು ಎಂದಾದರೂ ತಲೆಕೆಳಗು ಮಾಡಿ ನೋಡಿದ್ದೀರಾ? ಟೋಪಿಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ತೆಳು ಪದರಗಳಿರುತ್ತವೆ. ಇವೇ ಕಿವಿರುಗಳು. ಎಲ್ಲ ಅಣಬೆಗಳೂ ಹೀಗಿರುವುದಿಲ್ಲ. ಕೆಲವು ಅಣಬೆಗಳಲ್ಲಿ ಟೋಪಿಯ ಅಡಿಭಾಗ ಸ್ಪಂಜಿನಂತೆ ಕಾಣುತ್ತದೆ. ಅಸಂಖ್ಯ ಸಣ್ಣ ನಳಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಅವುಗಳ ಬಾಯಿಗಳು ರಂಧ್ರಗಳಾಗಿ ತೋರುತ್ತವೆ. ಹೀಗಿರುವ, ಮೆತ್ತನೆಯ ತಿರುಳುಳ್ಳ ಅಣಬೆಗಳೇ ಬೊಲೀಟ್‌ಗಳು.

ನಳಿಕೆಗಳ ಒಳಗೋಡೆಯಲ್ಲಿ ಬೀಜಾಣುಗಳು ಹುಟ್ಟುತ್ತವೆ. ಬೀಜಾಣುವಿನ ಬುಡದಲ್ಲಿ ಸೇರುವ ಪುಟ್ಟ ನೀರಿನ ಹನಿಯ ಮೇಲ್ಮೈ ಎಳೆತವೇ ಅದನ್ನು ಗೋಡೆಯಿಂದ ಚಿಮ್ಮಿಸುತ್ತದೆ. ಎದುರಿನ ಗೋಡೆ ತಲುಪುವ ಮೊದಲೇ ಗಾಳಿಯ ತಡೆಯಿಂದ ಅದು ವೇಗ ಕಳೆದುಕೊಂಡು ನೇರ ಕೆಳಗಿಳಿಯುತ್ತದೆ. ಆದ್ದರಿಂದ ನಳಿಕೆಗಳು ಗುರುತ್ವದ ದಿಕ್ಕಿಗೆ ಸರಿಯಾಗಿ ಲಂಬವಾಗಿ ಬೆಳೆಯುತ್ತವೆ. ಭೌತವಿಜ್ಞಾನದ ಮೇಷ್ಟ್ರಾದ ನನಗೆ ಈ ಅಣಬೆಗಳಲ್ಲಿ ಆಸಕ್ತಿ ಹುಟ್ಟಿದ್ದು ಈ ಹನಿಯಿಂದಲೇ.

ಬೊಲೀಟಸ್ ಎಂಬ ಹೆಸರಿನ ಕಥೆ ವಿಚಿತ್ರವಾಗಿದೆ. ಪ್ರಾಚೀನ ರೋಮನ್ನರು ಈ ಹೆಸರಿನಿಂದ ಕರೆಯುತ್ತಿದ್ದುದು ಕಿವಿರುಳ್ಳ ಬೇರೊಂದು ಅಣಬೆಯನ್ನು. 1753ರಲ್ಲಿ ಲಿನೇಯಸ್ ರಂಧ್ರವಿರುವ ಶಿಲೀಂಧ್ರಗಳಿಗೆಲ್ಲ ಈ ಹೆಸರನ್ನಿಟ್ಟ. ಮರದ ಕಾಂಡಕ್ಕೆ ಅಂಟಿ ಬೆಳೆಯುವ ಗಟ್ಟಿ ಶಿಲೀಂಧ್ರಗಳೂ ಅದರೊಳಗೆ ಸೇರಿದ್ದವು. ಮುಂದೆ ಅವು ಹೊರಬಿದ್ದವು. ಉಳಿದ ಗುಂಪೂ ಬಹಳ ದೊಡ್ಡದೇ ಆಗಿತ್ತು.

ಇಂದು ಬೊಲೀಟಸ್ ಎಂದರೆ ಮುಖ್ಯವಾಗಿ ಬೊಲೀಟಸ್ ಎಡುಲಿಸ್ ಮತ್ತು ಅದರ ಸಮೀಪದ ಬಂಧುಗಳು. ಇಟಲಿಯವರು ಇವುಗಳನ್ನು ಪೊರ್ಚೀನಿ, ಎಂದರೆ ಹಂದಿಮರಿಗಳು, ಎನ್ನುತ್ತಾರೆ. ಎಡುಲಿಸ್ ಎಂದರೆ ಲ್ಯಾಟಿನ್‌ನಲ್ಲಿ ತಿನ್ನಬಹುದಾದದ್ದು. ಎಳೆಯ ಅಣಬೆಯ ರಂಧ್ರಗಳು ಬಿಳಿಯ ಎಳೆಗಳಿಂದ ತುಂಬಿಕೊಂಡು ಮುಚ್ಚಿದಂತೆ ಇರುತ್ತವೆ. ಬಲಿತಂತೆ ಅವು ತೆರೆದು ಹಳದಿಗೂ, ನಂತರ ಹಸಿರು ಮಿಶ್ರಿತ ಕಂದಿಗೂ ತಿರುಗುತ್ತವೆ. ದಂಟಿನ ಮೇಲ್ಭಾಗದಲ್ಲಿ ಬಿಳಿಯ ಬಲೆಯಂಥ ಗೆರೆಗಳಿರುತ್ತವೆ. ಕೊಯ್ದರೆ ತಿರುಳು ಬಿಳಿಯಾಗಿಯೇ ಉಳಿಯುತ್ತದೆ.

ಇಲ್ಲಿ ಮೋಸಹೋಗುವುದು ಸುಲಭ. ಟೈಲೋಪಿಲಸ್ ಫೆಲಿಯಸ್ ಎಂಬ ಅಣಬೆ ನೋಡಲು ಎಡುಲಿಸ್‌ನಂತೆಯೇ ಇರುತ್ತದೆ. ಅದರ ತಿರುಳೂ ನೀಲಿಯಾಗುವುದಿಲ್ಲ. ಆದರೆ ದಂಟಿನ ಬಲೆ ಕಪ್ಪು ಕಂದು, ಬಲಿತ ರಂಧ್ರಗಳು ನಸುಗುಲಾಬಿ, ರುಚಿಯೋ ಸಹಿಸಲಾಗದ ಕಹಿ. ಒಂದೇ ಒಂದು ತುಂಡು ಇಡೀ ಪಾತ್ರೆಯ ಅಡುಗೆಯನ್ನು ಕೆಡಿಸಬಲ್ಲದು. ಅನುಮಾನವಿದ್ದರೆ ಟೋಪಿಯನ್ನು ಬಿಳಿ ಕಾಗದದ ಮೇಲೆ ಒಂದು ರಾತ್ರಿ ಬೋರಲಾಗಿಡಿ. ಉದುರಿದ ಬೀಜಾಣುಗಳ ಅಚ್ಚು ಎಡುಲಿಸ್‌ನದಾದರೆ ಹಸಿರುಗಂದು, ಫೆಲಿಯಸ್‌ನದಾದರೆ ಗುಲಾಬಿಗಂದು.

ಕೊಯ್ದಾಗ ನೀಲಿಯಾದರೆ ವಿಷ ಎಂಬ ನಂಬಿಕೆ ಹಲವೆಡೆ ಇದೆ. ಇದು ಸರಿಯಲ್ಲ. ತಿರುಳಿನಲ್ಲಿರುವ ವೇರಿಗ್ಯಾಟಿಕ್ ಆಮ್ಲದಂಥ ಹಳದಿ ಬಣ್ಣದ ವಸ್ತು ಗಾಳಿಯ ಆಕ್ಸಿಜನ್ನಿನೊಡನೆ ವರ್ತಿಸಿ ನೀಲಿಯಾಗುತ್ತದೆ, ಅಷ್ಟೆ. ನೀಲಿಗಟ್ಟುವ ಇಮ್ಲೇರಿಯಾ ಬ್ಯಾಡಿಯಾವನ್ನು ಯೂರೋಪಿನಲ್ಲಿ ಬೇಯಿಸಿ ತಿನ್ನುತ್ತಾರೆ. ಕೆಂಪು ರಂಧ್ರಗಳ ಸೈತಾನನ ಬೊಲೀಟ್ ಕೂಡ ನೀಲಿಗಟ್ಟುತ್ತದೆ. ಅದನ್ನು ತಿಂದವರಿಗೆ ವಿಪರೀತ ವಾಂತಿ. ಬಣ್ಣದ ಬದಲಾವಣೆ ಗುರುತಿಸಲು ನೆರವಾಗುತ್ತದೆ, ತಿನ್ನಬಹುದೇ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಈ ಲೇಖನವನ್ನು ಓದಿ ಯಾರೂ ಕಾಡಿನ ಅಣಬೆಯನ್ನು ಬಾಯಿಗಿಡಬಾರದು.

ಮೇಲೆ ಹೇಳಿದ ಇಮ್ಲೇರಿಯಾವೂ ಸೈತಾನನ ಬೊಲೀಟೂ ಹಳೆಯ ಪುಸ್ತಕಗಳಲ್ಲಿ ಬೊಲೀಟಸ್ ಜಾತಿಯಲ್ಲೇ ಇವೆ. ಅವುಗಳನ್ನು ಬೇರ್ಪಡಿಸಿದ್ದು ಡಿಎನ್‌ಎ. 2014ರಲ್ಲಿ ಪ್ರಕಟವಾದ ಚೀನಾದ ಸಂಶೋಧಕರ ಅಧ್ಯಯನವೊಂದು ಬೊಲೀಟೇಸಿ ಕುಟುಂಬದಲ್ಲಿ ಜಾತಿಯ ಮಟ್ಟದ 59 ಕವಲುಗಳನ್ನು ತೋರಿಸಿತು. ಅವುಗಳಲ್ಲಿ 22 ಹೊಸವು. ಸೈತಾನನ ಬೊಲೀಟ್ ರುಬ್ರೊಬೊಲೀಟಸ್ ಆಯಿತು. ಹೆಸರು ಬದಲಾಯಿತೆಂದು ವಿದ್ಯಾರ್ಥಿಗಳು ಗೊಣಗುವುದು ಸಹಜ. ಆದರೆ ರಂಧ್ರ ಕೆಂಪಾಗುವ ಗುಣ ಒಂದಕ್ಕಿಂತ ಹೆಚ್ಚು ಕವಲುಗಳಲ್ಲಿ ಕಂಡುಬರುವುದರಿಂದ, ಬಣ್ಣವೊಂದನ್ನೇ ನಂಬಿದ ಹಳೆಯ ವಿಂಗಡಣೆ ನಿಲ್ಲುವಂತಿರಲಿಲ್ಲ.

ಅದೇ ವರ್ಷ ಇನ್ನೊಂದು ಸ್ವಾರಸ್ಯಕರ ವರದಿ ಬಂತು. ಕ್ಯೂ ಸಸ್ಯೋದ್ಯಾನದ ಬ್ರಿನ್ ಡೆಂಟಿಂಜರ್ ಮತ್ತು ಲಾರಾ ಸುಜ್ ಲಂಡನ್ನಿನ ಅಂಗಡಿಯೊಂದರಿಂದ ಒಣ ಪೊರ್ಚೀನಿಯ ಪೊಟ್ಟಣವೊಂದನ್ನು ಕೊಂಡು, ಅದರೊಳಗಿನ 15 ತುಂಡುಗಳ ಡಿಎನ್‌ಎ ಪರೀಕ್ಷಿಸಿದರು. ತುಂಡುಗಳು ಮೂರು ಪ್ರಭೇದಗಳಿಗೆ ಸೇರಿದ್ದವು. ಮೂರಕ್ಕೂ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ! ಅಣಬೆಗಳು ಚೀನಾದಿಂದ ಬಂದಿದ್ದರಿಂದ ಚೀನೀ ಮಾತುಗಳಲ್ಲೇ ಹೆಸರಿಟ್ಟರು. ಒಂದು ಬೊಲೀಟಸ್ ಬೈನಿಯುಗಾನ್. ಅಲ್ಲಿನ ಜನ ಬಳಸುವ, ದನದ ಬಿಳಿ ಪಿತ್ತಜನಕಾಂಗ ಎಂಬರ್ಥದ ಹೆಸರದು. ಮತ್ತೊಂದು ಬೊಲೀಟಸ್ ಶಿಯೋಂಗ್, ಎಂದರೆ ತಿನ್ನಬಹುದಾದದ್ದು. ಜನ ಎಷ್ಟೋ ಕಾಲದಿಂದ ತಿನ್ನುತ್ತಿದ್ದುದನ್ನು ವರ್ಗೀಕರಣ ಆಗಷ್ಟೇ ಕಂಡಿತ್ತು.

ಭಾರತದಲ್ಲೂ ಹುಡುಕಾಟ ನಡೆದಿದೆ. 2015ರಲ್ಲಿ ಸಿಕ್ಕಿಂನಿಂದ ಬೊಲೀಟಸ್ ರಿಕ್ಯಾಪಿಟ್ಯುಲೇಟಸ್ ಎಂಬ ಪ್ರಭೇದ ವರದಿಯಾಯಿತು. ಸೂಕ್ಷ್ಮದರ್ಶಕದಲ್ಲಿ ಅದರ ಕೆಲವು ಕೋಶಗಳೇ ಪುಟ್ಟ ಅಣಬೆಯ ಆಕಾರದಲ್ಲಿ ಕಾಣುತ್ತವೆ. ಬೊಲೀಟ್‌ಗಳಲ್ಲಿ ಹೆಚ್ಚಿನವು ಮರದ ಬೇರಿನೊಡನೆ ಕೂಡಿ ಬಾಳುವಂಥವು. ನಮ್ಮ ಪಶ್ಚಿಮಘಟ್ಟದ ಕಿರಾಲುಬೋಗಿ, ಸಾಲುಧೂಪಗಳ ಬುಡದಲ್ಲೂ ರಂಧ್ರದ ಅಣಬೆಗಳು ಏಳುತ್ತವೆ. ವಿದ್ಯಾರ್ಥಿಗಳೊಡನೆ ಹೋದಾಗ ಅಂಥದ್ದು ಕಂಡರೆ ಬುಡಸಮೇತ ಎತ್ತಿ ಉದ್ದಕ್ಕೆ ಸೀಳಿ. ತಿರುಳು ಬಣ್ಣ ಬದಲಿಸಿದರೆ ಎಷ್ಟು ಸೆಕೆಂಡಿನಲ್ಲಿ ಎಂದು ಬರೆದಿಡಿ. ಒಣಗಿದ ಅಣಬೆಯಲ್ಲಿ ಅದನ್ನು ನೋಡಲಾಗದು. ಪಕ್ಕದ ಮರ ಯಾವುದೆಂಬುದನ್ನೂ ಬರೆಯಲು ಮರೆಯಬೇಡಿ.