ತೋಟದವರ ವಂಶವೃಕ್ಷ: ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಸೈಟು ಸಿಕ್ಕಿಹಾಕ್ಕೊಳ್ಳುತ್ತೆ

ದೀಪಾಂಜಲಿ ನಗರ: ಮೈಸೂರು ರಸ್ತೆಯ ಎರಡೂ ಬದಿಯ ಬಡಾವಣೆಗಳು ನಿಂತಿರೋದು ಹಳೇ ಹಳ್ಳಿಗಳ ಸರ್ವೆ ನಂಬರ್ ಮೇಲೆ. ಅತ್ತಿಗುಪ್ಪೆ, ಬ್ಯಾಟರಾಯನಪುರ, ನಾಯಂಡಹಳ್ಳಿ ಎಲ್ಲವೂ ಒಂದು ಕಾಲದ ಊರುಗಳೇ. ಹಾಗಾಗಿ ಸೈಟು ಅಥವಾ ಅಂಗಡಿ ಮಳಿಗೆ ಕೊಳ್ಳೋಕೆ ಹೋದವರ ಹತ್ತಿರ ವಕೀಲರು ಮೂಲ ಮಾಲೀಕರ ವಂಶವೃಕ್ಷ ಎಲ್ಲಿ ಅಂತ ಕೇಳ್ತಾರೆ. ಬೆಂಗಳೂರು ಸುತ್ತ ಎಷ್ಟೋ ಕಡೆ ಆ ಮೂಲ ಮಾಲೀಕರು ತರಕಾರಿ ತೋಟದವರು, ಅದರಲ್ಲೂ ತಿಗಳರು. ಇವರ ವಂಶವೃಕ್ಷ ಬರೆಯೋದು ಸುಲಭದ ಕೆಲಸ ಅಲ್ಲ.

ಹಳಗನ್ನಡದಲ್ಲಿ 'ತಿಗುಳ' ಅಂದರೆ ತಮಿಳು ನಾಡಿನವನು. ಜನಾಂಗದ ಹೆಸರಲ್ಲೇ ವಲಸೆ ಬಂದ ಕಥೆ ಇದೆ. ಯಾವಾಗ ಬಂದರು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಕೆಂಪೇಗೌಡರ ಕಾಲ ಅಂತ ಕೆಲವರು ಹೇಳಿದರೆ, 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದಾಗ ತೋಟದ ಕೆಲಸಕ್ಕೆ ಬಂದವರು ಅಂತ ಇನ್ನು ಕೆಲವರು ಹೇಳ್ತಾರೆ. ಒಂದೇ ಸಲ ಎಲ್ಲರೂ ಬಂದಿರಲಿಕ್ಕಿಲ್ಲ, ಬೇರೆ ಬೇರೆ ಕಾಲದಲ್ಲಿ ತಂಡತಂಡವಾಗಿ ಬಂದರು ಅನ್ನೋದೇ ನಂಬೋ ಹಾಗಿದೆ.

ಬಂದವರು ಕೆರೆ ನೀರು ಸಿಗೋ ಕಡೆ ನೆಲೆ ನಿಂತರು. ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ಹೊತ್ತು ತಂದರು. ಸಂಪಂಗಿ ಕೆರೆ ನೀರು ನಂಬಿಕೊಂಡು ತೋಟ ಮಾಡಿದ ವಹ್ನಿಕುಲದ ಮನೆಗಳಿದ್ದವು. ಆ ಕೆರೆ ಈಗ ಕಂಠೀರವ ಕ್ರೀಡಾಂಗಣ. ಉಳಿದಿರೋದು ಒಂದು ಸಣ್ಣ ಕೊಳ, ಕರಗದ ಶಾಸ್ತ್ರಕ್ಕೆ ಇವತ್ತಿಗೂ ಅದೇ ಬೇಕು. ಕೆರೆ ಹೋದಾಗ ತೋಟವೂ ಹೋಯ್ತು, ಜನ ಚೆದುರಿದರು. ಮನೆತನದ ದಾರ ಕಡಿಯೋದು ಸಾಮಾನ್ಯವಾಗಿ ಇಂಥ ಕಡೆಯೇ.

ಎರಡನೇ ತೊಡಕು ಹೆಸರಿನದು. ಮೊಮ್ಮಗನಿಗೆ ತಾತನ ಹೆಸರಿಡೋ ಪದ್ಧತಿ ಇರೋದರಿಂದ ತಾತನೂ ಮುನಿಸ್ವಾಮಿ, ಮೊಮ್ಮಗನೂ ಮುನಿಸ್ವಾಮಿ. ಹಳೇ ಪಹಣಿಯಲ್ಲಿ ಇನಿಷಿಯಲ್ ಇರಲ್ಲ, ತಂದೆ ಹೆಸರು ನೋಡದೆ ಹೋದರೆ ಒಂದು ತಲೆಮಾರೇ ಜಿಗಿದುಹೋಗುತ್ತೆ. ಜಾತಿ ಕಾಲಂನಲ್ಲೂ ಗೊಂದಲ. ಒಂದೇ ಮನೆಯ ದಾಖಲೆಗಳಲ್ಲಿ ಒಬ್ಬರಿಗೆ 'ತಿಗಳ', ಇನ್ನೊಬ್ಬರಿಗೆ 'ವಹ್ನಿಕುಲ ಕ್ಷತ್ರಿಯ' ಅಂತ ಬರೆದಿರಬಹುದು. ತಿಗಳರು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 2ಎ. ಜಾತಿ ಪ್ರಮಾಣಪತ್ರಕ್ಕೆ ಹೋದ ಮಕ್ಕಳಿಗೆ ತಂದೆ, ತಾತನ ಟಿ.ಸಿ.ಯಲ್ಲಿ ಬೇರೆ ಬೇರೆ ಹೆಸರಿದ್ದರೆ, ಇಬ್ಬರೂ ಒಂದೇ ಮನೆಯವರು ಅಂತ ತೋರಿಸೋಕೂ ವಂಶವೃಕ್ಷವೇ ಬೇಕಾಗುತ್ತೆ.

ಕಾಗದ ಇಲ್ಲದ ಕಡೆ ಕರಗದ ನೆನಪು ಸ್ವಲ್ಪ ಸಹಾಯಕ್ಕೆ ಬರುತ್ತೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ಚೈತ್ರದಲ್ಲಿ ನಡೆಯೋ ಕರಗಕ್ಕೆ ಕತ್ತಿ ಹಿಡಿಯೋ ವೀರಕುಮಾರರು ಎಷ್ಟೋ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದವರು. ಯಾರ ತಾತ ಯಾವ ಗರಡಿಯಲ್ಲಿದ್ದ ಅನ್ನೋದು ಹಿರಿಯರಿಗೆ ಬಾಯಲ್ಲೇ ಇರುತ್ತೆ. ಆದರೆ ಇದು ಗಂಡಸರ ಪಟ್ಟಿ. ಅಕ್ಕ, ತಂಗಿ, ಅತ್ತೆ ಇದರಲ್ಲಿ ಬರಲ್ಲ. ಸೈಟು ಕೊಂಡವರಿಗೆ ಪೆಟ್ಟು ಬೀಳೋದೂ ಇಲ್ಲೇ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಆದರೆ ಅದಕ್ಕೂ ಮೊದಲೇ ಮದುವೆ ಆದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಲೇಬೇಕು ಅಂತೇನಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ಮಾರಾಟ, ನೋಂದಾಯಿತ ವಿಭಾಗಪತ್ರಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟಲ್ಲ.

ಉದಾಹರಣೆಗೆ, ತೋಟದ ಜಮೀನಲ್ಲಿ ಉಳಿದ ತುಂಡನ್ನು ಅಣ್ಣತಮ್ಮಂದಿರು ಮೂವರೇ ಸಹಿ ಹಾಕಿ 2012ರಲ್ಲಿ ಮಾರಿದ್ದಾರೆ ಅಂದುಕೊಳ್ಳಿ. ಮದುವೆಯಾಗಿ ಹೊಸಕೋಟೆ ಕಡೆ ಹೋದ ಅಕ್ಕನ ಹೆಸರು ವಂಶವೃಕ್ಷದಲ್ಲೇ ಇಲ್ಲ. ಅವರು ತಮ್ಮ ಪಾಲು ಕೇಳಿ ದಾವೆ ಹಾಕಿದರೆ ಕೊಂಡವರನ್ನೂ ಪ್ರತಿವಾದಿ ಮಾಡ್ತಾರೆ. ಇ.ಸಿ. ಕ್ಲಿಯರ್ ಇತ್ತಲ್ಲ ಅಂದರೆ ಪ್ರಯೋಜನ ಇಲ್ಲ. ಇ.ಸಿ.ಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ, ಮನೆಯಲ್ಲಿ ಮಕ್ಕಳೆಷ್ಟು ಅನ್ನೋದು ಅದರಲ್ಲಿ ಇರಲ್ಲ. ಅಕ್ಕಂದಿರಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ದೀವಿ ಅನ್ನೋ ಮಾತೂ ಕೋರ್ಟಲ್ಲಿ ನಡೆಯಲ್ಲ.

ವಂಶವೃಕ್ಷಕ್ಕೆ ಅಫಿಡವಿಟ್ ಜೊತೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ ವಿಚಾರಿಸಿ ವರದಿ ಕೊಡ್ತಾರೆ. ಅರ್ಜಿದಾರರು ಹೇಳಿದ್ದನ್ನೇ ಆಧಾರವಾಗಿಟ್ಟುಕೊಂಡು ಶುರುವಾಗೋ ಕಾಗದ ಇದು. ಅದಕ್ಕೇ ಕೊಳ್ಳೋರು ಅದನ್ನೊಂದೇ ನಂಬದೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಕೈಬರಹದ ಪಹಣಿ, ಮ್ಯುಟೇಶನ್ ನಕಲು ತೆಗೆಸೋದು ಒಳ್ಳೇದು. ಯಾರು ಸತ್ತ ಮೇಲೆ ಯಾರ ಹೆಸರಿಗೆ ಪೌತಿ ಖಾತೆ ಆಯ್ತು ಅನ್ನೋದು ಅಲ್ಲಿ ಸಿಗುತ್ತೆ. ಹೆಣ್ಣುಮಕ್ಕಳ ಹೆಸರು ಅಲ್ಲೂ ಸಿಗದೇ ಇರಬಹುದು. ಆಗ ಉಳಿಯೋದು ಹಳೇ ರೇಷನ್ ಕಾರ್ಡು, ಮನೆಯಲ್ಲಿ ಎತ್ತಿಟ್ಟ ಮದುವೆ ಲಗ್ನಪತ್ರಿಕೆಗಳು, ಮತ್ತೆ ಮನೆಯ ಅಜ್ಜಿ.