ಅಪ್ರೆಂಟಿಸ್ ವರ್ಷ ಯಾರ ಲೆಕ್ಕಕ್ಕೆ?

ಗುಂಡ್ಲುಪೇಟೆ ಕಡೆಯ ತೆರಕಣಾಂಬಿಯ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಸೇರಿದ ಎನ್ನಿ. ಎರಡು ವರ್ಷ ಐಟಿಐ. ನಂಜನಗೂಡಿನ ಕಾರ್ಖಾನೆಯಲ್ಲೋ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲೋ ಒಂದು ವರ್ಷ ಅಪ್ರೆಂಟಿಸ್. ಲ್ಯಾಟರಲ್ ಪ್ರವೇಶದಲ್ಲಿ ಡಿಪ್ಲೊಮಾ ಎರಡು ವರ್ಷ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಮೂರು ವರ್ಷ. ಒಟ್ಟು 8 ವರ್ಷ. ಜೊತೆಯಲ್ಲಿ ಓದಿದವನು ಪಿಯುಸಿ ಮಾಡಿ ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸೇರಿದರೆ 6ಕ್ಕೇ ಎಂಜಿನಿಯರ್.

ಆ ಎರಡು ವರ್ಷ ಎಲ್ಲಿ ಹೋದವು? ಐಟಿಐನ ಎರಡು ವರ್ಷಕ್ಕೆ ಪಾಲಿಟೆಕ್ನಿಕ್ ಕೊಡುವ ರಿಯಾಯಿತಿ ಒಂದೇ ವರ್ಷ. ಅಪ್ರೆಂಟಿಸ್ ವರ್ಷಕ್ಕೆ ಅದೂ ಇಲ್ಲ. ಮಾಡಿದವನೂ ಮಾಡದವನೂ ಸೇರುವುದು ಅದೇ ಮೂರನೇ ಸೆಮಿಸ್ಟರ್‌ಗೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 1,200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್ ಎನ್ನುತ್ತದೆ, ಕೆಲಸದ ಜಾಗದ ಕಲಿಕೆಯನ್ನೂ ಒಪ್ಪುತ್ತದೆ. ಪ್ರವೇಶದ ಕೌಂಟರಿಗೆ ಆ ಮಾತು ಇಳಿಯಬೇಕಷ್ಟೆ.

ಎರಡನೆಯ ಪೆಟ್ಟು ಗಣಿತದ್ದು. ವರ್ಷವಿಡೀ ವರ್ನಿಯರ್ ಹಿಡಿದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಅಳೆದ ಹುಡುಗನಿಗೆ ಕೈ ಪಳಗಿರುತ್ತದೆ, ಪುಸ್ತಕ ಮರೆತಿರುತ್ತದೆ. ಡಿಪ್ಲೊಮಾದ ಮೊದಲ ವರ್ಷ ತಪ್ಪಿಸಿ ಸೇರುವ ಅವನಿಗೆ ಆ ವರ್ಷದ ಗಣಿತದ ಪಾಠ ಸಿಗುವುದೇ ಇಲ್ಲ. ಬಿ.ಇ. ಹಂತದಲ್ಲಿ ಇದೇ ಕೊರತೆಯನ್ನು ವಿಟಿಯು ಗುರುತಿಸಿತ್ತು. ಡಿಪ್ಲೊಮಾದಿಂದ ಬಂದವರಿಗೆಂದು 2018ರ ಸ್ಕೀಮ್‌ನಲ್ಲಿ ಎರಡು ಹೆಚ್ಚುವರಿ ಗಣಿತ ಪತ್ರಿಕೆಗಳಿದ್ದವು. ಕೆಳಗಿನ ಮೆಟ್ಟಿಲಿಗೂ ಅಂಥ ಆಸರೆ ಬೇಕು.

ಮುಂದಿನ ಅಪಾಯ ಇಲ್ಲಿದೆ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದು ಅಪ್ರೆಂಟಿಸ್‌ಶಿಪ್ ನಿಯಮಗಳ 2019ರ ತಿದ್ದುಪಡಿ ಹೇಳಿತು. ಚಾಮರಾಜನಗರದ ಬಳಿಯ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಬೆಳೆದಷ್ಟೂ ಗುಂಡ್ಲುಪೇಟೆ ಕಡೆಯ ಹುಡುಗರು ಈ ದಾರಿ ಹಿಡಿಯುವುದು ಹೆಚ್ಚುತ್ತದೆ. ಒಳಗೆ ಹೋಗುವ ಬಾಗಿಲು ಅಗಲವಾಗಿ, ಮೇಲೇರುವ ಮೆಟ್ಟಿಲು ಕಿರಿದಾಗಿಯೇ ಉಳಿದರೆ, ತಿಂಗಳ ಸ್ಟೈಪೆಂಡ್ ಮುಗಿದ ಮರುದಿನ ಗುತ್ತಿಗೆ ಕೆಲಸವೇ ಗತಿ. ಹಾಗೆ ಹೋದವರು ಓದಿಗೆ ಮರಳುವುದು ಕಷ್ಟ. ಯಂತ್ರಗಳು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿಗೆ ಬದಲಾದಾಗ ಬರಿ ಕೈಚಳಕ ಸಾಲದು. ಪ್ರೋಗ್ರಾಂ ಬರೆಯಲು ತ್ರಿಕೋನಮಿತಿ ಬೇಕು. ಆಗ ಮೊದಲು ಹೊರಬೀಳುವವರು ಇವರೇ.

ಪರಿಹಾರಕ್ಕೆ ಹೊಸ ಕಾನೂನು ಬೇಕಿಲ್ಲ. ಅಪ್ರೆಂಟಿಸ್ ವರ್ಷದಲ್ಲೇ ವಾರಕ್ಕೆರಡು ಸಂಜೆ ಗಣಿತದ ಪಾಠ, ಆ ವರ್ಷದ ಕ್ರೆಡಿಟ್‌ಗೆ ಪಾಲಿಟೆಕ್ನಿಕ್‌ನಲ್ಲಿ ಬೆಲೆ: ತಾಂತ್ರಿಕ ಶಿಕ್ಷಣ ಇಲಾಖೆ ಇವೆರಡನ್ನು ಮುಂದಿನ ಪ್ರವೇಶದೊಳಗೆ ಮಾಡಬೇಕು.